ಹದಿನೈದಕ್ಕೆ ಡ್ರಾಫ್ಟ್‌ನಲ್ಲಿ ಹೆಸರು ಬರಲಿಲ್ಲ. ಮಗನ ಐಸ್ ಹಾಕಿ ಇಲ್ಲಿಗೇ ಮುಗಿಯಿತೇ?

ಪ್ರಶ್ನೆ: ನಾವು ಹದಿನೆಂಟು ವರ್ಷಗಳಿಂದ ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಮಗನಿಗೆ ಹದಿನೈದು ವರ್ಷ, ನವೆಂಬರ್ ಕೊನೆಯ ವಾರದಲ್ಲಿ ಹುಟ್ಟಿದವನು. ಐದನೇ ವಯಸ್ಸಿನಿಂದ ಐಸ್ ಹಾಕಿ ಆಡುತ್ತಿದ್ದಾನೆ. ಮೂರು ವರ್ಷಗಳಿಂದ ಟ್ರಿಪಲ್ ಎ, ಅಂದರೆ ಮಕ್ಕಳ ಹಾಕಿಯ ಅತ್ಯುನ್ನತ ದರ್ಜೆಯ ತಂಡದಲ್ಲಿ ಡಿಫೆನ್ಸ್ ಆಟಗಾರ. ಈ ವರ್ಷ ಒಂಟಾರಿಯೊ ಹಾಕಿ ಲೀಗ್‌ನ ಡ್ರಾಫ್ಟ್, ಅಂದರೆ ತಂಡಗಳು ಸುತ್ತು ಸುತ್ತಾಗಿ ಹುಡುಗರನ್ನು ಆರಿಸುವ ಆಯ್ಕೆ, ನಡೆದಾಗ ಕೊನೆಯ ಸುತ್ತು ಮುಗಿಯುವವರೆಗೂ ಮೊಬೈಲ್ ಹಿಡಿದು ಕುಳಿತಿದ್ದ. ಅವನ ತಂಡದ ಐದು ಹುಡುಗರ ಹೆಸರು ಬಂತು, ಇವನದು ಬರಲಿಲ್ಲ. ಕೋಚ್ ‘ಆಟ ಚೆನ್ನಾಗಿದೆ, ಮೈಕಟ್ಟು ಸಾಲದು’ ಎಂದರು. ಈ ವಯಸ್ಸಿಗೆ ಸಿಗದವರಿಗೆ ಮುಂದೆ ದಾರಿಯೇ ಇಲ್ಲ ಎಂದು ಬೇರೆ ಪೋಷಕರು ಹೇಳುತ್ತಾರೆ. ಇದರ ನಡುವೆ ಸಲಹೆಗಾರರೊಬ್ಬರು ಫೋನ್ ಮಾಡಿ, ಮುಂಗಡ ಹಣ ಕೊಟ್ಟರೆ ಅಮೆರಿಕದ ಹಾಕಿ ಅಕಾಡೆಮಿಯೊಂದರಲ್ಲಿ ಸೀಟು ಕೊಡಿಸಿ ಕಾಲೇಜು ತಂಡಗಳ ಕಣ್ಣಿಗೆ ಬೀಳುವಂತೆ ಮಾಡುತ್ತೇನೆ ಎಂದರು. ಯಜಮಾನರು ‘ಆಡಿದ್ದು ಸಾಕು, ಇನ್ನು ಓದಲಿ’ ಎನ್ನುತ್ತಾರೆ. ಜನವರಿಯಲ್ಲಿ ಅವನ ತಲೆಗೆ ಪೆಟ್ಟಾಗಿತ್ತು, ಹತ್ತು ದಿನಗಳಲ್ಲಿ ಮತ್ತೆ ಆಡಿದ. ಈಗಲೂ ಆಗಾಗ ತಲೆನೋವು ಎನ್ನುತ್ತಾನೆ. ಡ್ರಾಫ್ಟ್ ಮುಗಿದು ಎರಡು ವಾರವಾಯಿತು, ಸ್ಕೇಟ್ ಬ್ಯಾಗ್ ಬಾಗಿಲ ಹಿಂದೆಯೇ ಬಿದ್ದಿದೆ. ಒತ್ತಾಯ ಮಾಡಲೇ, ಸುಮ್ಮನಿರಲೇ? ಹನ್ನೊಂದು ವರ್ಷದ ಮಗಳೂ ಆಡುತ್ತಾಳೆ. ಅವಳನ್ನು ಈಗಲೇ ಬಿಡಿಸುವುದು ಒಳ್ಳೆಯದೇ?

ಉತ್ತರ: ಮೊದಲು ತಲೆನೋವಿನ ವಿಷಯ ಮಾತನಾಡೋಣ. ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ನೀವು ಅದನ್ನು ಹೇಳಿದ್ದೀರಿ. ನನಗೆ ಮಾತ್ರ ಪತ್ರ ಓದಿ ಮುಗಿಸಿದ ಮೇಲೂ ಅದೇ ಸಾಲು ಕಾಡುತ್ತಿತ್ತು.

ಹದಿಹರೆಯದವರಲ್ಲಿ ತಲೆಗೆ ಬಿದ್ದ ಪೆಟ್ಟಿನ ಪರಿಣಾಮ, ಅಂದರೆ ಕನ್ಕಷನ್, ಹೆಚ್ಚಿನವರಿಗೆ ನಾಲ್ಕು ವಾರಗಳ ಒಳಗೆ ಇಳಿಯುತ್ತದೆ. ಜನವರಿಯ ಪೆಟ್ಟಿನ ತಲೆನೋವು ಇಷ್ಟು ತಿಂಗಳಾದರೂ ಬರುತ್ತಿದೆ ಎಂದರೆ ಅದನ್ನು ವೈದ್ಯರು ನೋಡಲೇಬೇಕು. ಕಾರಣ ಕುತ್ತಿಗೆಯ ಸ್ನಾಯು ಇರಬಹುದು, ಕಣ್ಣಿನ ಹೊಂದಾಣಿಕೆ ಇರಬಹುದು, ನಿದ್ದೆ ಇರಬಹುದು. ಪತ್ರದಲ್ಲಿ ಊಹಿಸುವ ಸಂಗತಿಯಲ್ಲ. ಒಂಟಾರಿಯೊದಲ್ಲಿ 2018ರಲ್ಲಿ ಬಂದ ‘ರೋವನ್ಸ್ ಲಾ’ ಎಂಬ ಕಾನೂನಿದೆ. 2013ರಲ್ಲಿ ರಗ್ಬಿ ಆಡುತ್ತಾ, ಮೊದಲ ಪೆಟ್ಟು ಮಾಯುವ ಮೊದಲೇ ಮತ್ತೊಂದು ಪೆಟ್ಟು ತಿಂದು ತೀರಿಕೊಂಡ ರೋವನ್ ಸ್ಟ್ರಿಂಜರ್ ಎಂಬ ಹುಡುಗಿಯ ಹೆಸರಿನದು. ಕನ್ಕಷನ್ ಶಂಕೆ ಬಂದ ಕ್ಷಣವೇ ಆಟಗಾರನನ್ನು ಹೊರಗೆ ಕೂರಿಸಬೇಕು, ಹಂತ ಹಂತವಾಗಿ ಮರಳಿ ತರಬೇಕು, ವೈದ್ಯಕೀಯ ಒಪ್ಪಿಗೆಯಿಲ್ಲದೆ ಪೂರ್ಣ ಅಭ್ಯಾಸಕ್ಕೂ ಪಂದ್ಯಕ್ಕೂ ಬಿಡಬಾರದು ಎಂದು ಆ ವ್ಯವಸ್ಥೆ ಹೇಳುತ್ತದೆ. ಹತ್ತು ದಿನಕ್ಕೆ ಆಡಿಸಿದ್ದು ಯಾರ ಒಪ್ಪಿಗೆಯ ಮೇಲೆ ಎಂದು ತಂಡದವರನ್ನು ಕೇಳುವ ಹಕ್ಕು ನಿಮಗಿದೆ. ಉತ್ತರ ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಾರೆ ಸಿಡ್ನಿ ಕ್ರಾಸ್ಬಿಯಂಥ ಆಟಗಾರನೇ 2011ರ ಜನವರಿಯಲ್ಲಿ ಪೆಟ್ಟು ತಿಂದು ನವೆಂಬರ್‌ವರೆಗೆ ಹೊರಗುಳಿದ. ಮುಂದೆ ಆ ಲೀಗ್‌ನ ಸ್ಟಾನ್ಲಿ ಕಪ್ ಗೆದ್ದ. ಕಾಯುವುದರಿಂದ ಆಟ ಹೋಗುವುದಿಲ್ಲ. ನಾನು ಕೆಳಗೆ ಬರೆಯುವುದೆಲ್ಲ ವೈದ್ಯರು ‘ಸರಿ’ ಎಂದ ಮೇಲಿನ ಮಾತು.

ಇನ್ನು ಡ್ರಾಫ್ಟ್. ಇಪ್ಪತ್ತೆರಡು ವರ್ಷಗಳಿಂದ ಈ ವಯಸ್ಸಿನ ಮಕ್ಕಳಿಗೆ ಸ್ಕೇಟಿಂಗ್ ಮತ್ತು ದೈಹಿಕ ತರಬೇತಿ ಕೊಡುತ್ತಿದ್ದೇನೆ. ಪ್ರತಿ ವರ್ಷ ಡ್ರಾಫ್ಟ್ ಮುಗಿದ ಮಾರನೆಯ ಸೋಮವಾರ ನನ್ನ ಬಳಿ ಎರಡು ಬಗೆಯ ಮನೆಗಳ ಫೋನ್ ಬರುತ್ತದೆ: ಎಲ್ಲ ಮುಗಿಯಿತು ಎನ್ನುವವರದು, ಇನ್ನೇನು ಎನ್‌ಎಚ್‌ಎಲ್ ಬಂದೇಬಿಟ್ಟಿತು ಎನ್ನುವವರದು. ಎರಡೂ ಕಡೆಯವರಿಗೆ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು.

ಹದಿಹರೆಯದವರು ಆಡುವ ಒಂಟಾರಿಯೊ ಹಾಕಿ ಲೀಗ್‌ನಲ್ಲಿ (ಒಎಚ್‌ಎಲ್) ಇಪ್ಪತ್ತು ತಂಡಗಳಿವೆ. ಹದಿನೈದು ಸುತ್ತು ಎಂದರೆ ಮುನ್ನೂರು ಹೆಸರು. ಆದರೆ ಒಂದೊಂದು ತಂಡದಲ್ಲೂ ಹದಿನಾರರ ಹುಡುಗರಿಗೆ ಇರುವ ಜಾಗ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸೆಪ್ಟೆಂಬರ್‌ನಲ್ಲಿ ಮತ್ತೆ ನಿಮ್ಮ ಮಗನಂತೆಯೇ ಹದಿನೆಂಟರೊಳಗಿನವರ ಟ್ರಿಪಲ್ ಎ ತಂಡಕ್ಕೋ ಒಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಜೂನಿಯರ್ ಎ ತಂಡಕ್ಕೋ ಬರುತ್ತಾರೆ. ಹಾಗೆ ಬಂದವರಲ್ಲಿ ಎಷ್ಟೋ ಮಂದಿ ಒಎಚ್‌ಎಲ್‌ನ ಒಂದು ಪಂದ್ಯವನ್ನೂ ಆಡದೆ ಉಳಿಯುತ್ತಾರೆ. ಡ್ರಾಫ್ಟ್‌ನಲ್ಲಿ ಹೆಸರು ಬಂದರೆ ನೌಕರಿಯ ಆದೇಶ ಕೈಗೆ ಬಂದಂತೆ ಎಂದು ಪೋಷಕರು ತಿಳಿಯುತ್ತಾರೆ. ನಿಜವಾಗಿ ಅದು ‘ಈ ಲೀಗ್‌ನಲ್ಲಿ ಈ ಹುಡುಗನ ಮೇಲಿನ ಹಕ್ಕು ನಮ್ಮದು’ ಎಂದು ಒಂದು ತಂಡ ಹಾಕಿಕೊಳ್ಳುವ ಬೇಲಿ. ಬೇಲಿಯ ಹೊರಗೆ ಉಳಿದವನನ್ನು ಯಾವ ತಂಡ ಬೇಕಾದರೂ ತನ್ನ ಶಿಬಿರಕ್ಕೆ ಕರೆಯಬಹುದು, ಸಹಿ ಹಾಕಿಸಿಕೊಳ್ಳಬಹುದು. ಹದಿನೇಳು, ಹದಿನೆಂಟರಲ್ಲಿ ಹಾಗೆ ಒಳಗೆ ಹೋದ ಹುಡುಗರು ಪ್ರತಿ ವರ್ಷ ಇದ್ದಾರೆ.

ನಿಮ್ಮ ಮಗ ಹುಟ್ಟಿದ ತಿಂಗಳು ಈ ಕತೆಯಲ್ಲಿ ಚಿಕ್ಕ ಪಾತ್ರವಲ್ಲ.

ಕೆನಡಾದಲ್ಲಿ ಮಕ್ಕಳ ಹಾಕಿ ತಂಡಗಳನ್ನು ವಿಂಗಡಿಸುವುದು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ಜನವರಿ 2ರಂದು ಹುಟ್ಟಿದವನೂ ನವೆಂಬರ್ 25ರಂದು ಹುಟ್ಟಿದವನೂ ಒಂದೇ ಗುಂಪು. 1980ರ ದಶಕದಲ್ಲಿ ಆಲ್ಬರ್ಟಾದ ಲೆತ್‌ಬ್ರಿಡ್ಜ್‌ನಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞರು ಪತ್ನಿ ಪೌಲಾ ಜೊತೆ ಜೂನಿಯರ್ ಪಂದ್ಯ ನೋಡಲು ಹೋಗಿದ್ದರು. ಆಟಗಾರರ ಪಟ್ಟಿಯ ಹಾಳೆ ಓದುತ್ತಿದ್ದ ಪೌಲಾ ಅವರ ಕಣ್ಣಿಗೆ ಬಿದ್ದದ್ದು ಜನ್ಮದಿನಗಳು: ಜನವರಿ, ಫೆಬ್ರುವರಿ, ಮತ್ತೆ ಜನವರಿ, ಮಾರ್ಚ್. ಬಾರ್ನ್ಸ್‌ಲಿ ಲೆಕ್ಕ ಹಾಕಿದಾಗ ಆಯ್ದ ತಂಡಗಳಲ್ಲಿ ಹತ್ತಕ್ಕೆ ಸುಮಾರು ನಾಲ್ವರು ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು; ಕೊನೆಯ ಮೂರು ತಿಂಗಳಿನವರು ಹತ್ತಕ್ಕೆ ಒಬ್ಬರಷ್ಟೇ. ಎಂಟು ವರ್ಷದ ಮಕ್ಕಳಲ್ಲಿ ಹತ್ತು ತಿಂಗಳ ಅಂತರ ಎಂದರೆ ನಾಲ್ಕೈದು ಸೆಂಟಿಮೀಟರ್ ಎತ್ತರ, ಎರಡು ಮೂರು ಕಿಲೋ ತೂಕ. ಆ ವಯಸ್ಸಿಗೆ ಅದೇ ಪ್ರತಿಭೆಯಂತೆ ಕಾಣುತ್ತದೆ. ದೊಡ್ಡವನಾಗಿ ಕಂಡವನಿಗೆ ಒಳ್ಳೆಯ ಕೋಚ್, ಹೆಚ್ಚು ಐಸ್ ಸಮಯ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ನಿಜಕ್ಕೂ ಉತ್ತಮ ಆಟಗಾರನಾಗಿರುತ್ತಾನೆ. ನಿಮ್ಮ ಮಗ ಈ ಜರಡಿಯಲ್ಲಿ ಕೆಳಗೆ ಬೀಳದೆ ಟ್ರಿಪಲ್ ಎ ವರೆಗೆ ಬಂದಿದ್ದಾನೆ. ಅದರ ಬೆಲೆ ನಿಮಗೆ ಗೊತ್ತಾಗಲಿ ಎಂದು ಇಷ್ಟು ಬರೆದೆ.

ಇದಕ್ಕೆ ಇನ್ನೊಂದು ಮುಖವಿದೆ. ಹೆಚ್ಚಿನ ಪೋಷಕರಿಗೆ ಅದು ತಿಳಿದಿರುವುದಿಲ್ಲ. ಎನ್‌ಎಚ್‌ಎಲ್ ಡ್ರಾಫ್ಟ್‌ನ ಗಡಿ ಡಿಸೆಂಬರ್ 31 ಅಲ್ಲ, ಸೆಪ್ಟೆಂಬರ್ 15. ಆ ದಿನದೊಳಗೆ ಹದಿನೆಂಟು ತುಂಬುವವರು ಆ ವರ್ಷದ ಡ್ರಾಫ್ಟ್‌ಗೆ ಬರುತ್ತಾರೆ. ಸೆಪ್ಟೆಂಬರ್ 16 ಮತ್ತು ಅದರ ನಂತರದವರು ಮುಂದಿನ ವರ್ಷಕ್ಕೆ. ಎನ್‌ಎಚ್‌ಎಲ್ ತಾರೆ ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡು ದಿನಗಳ ಅಂತರದಲ್ಲಿ 2015ರ ಡ್ರಾಫ್ಟ್ ತಪ್ಪಿತು. ಆ ಒಂದು ವರ್ಷ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ದೊಡ್ಡವರ ಜೊತೆ ಆಡಿ 2016ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ನಿಮ್ಮ ಮಗನ ಸ್ಥಿತಿಯೂ ಇದೇ. ಒಎಚ್‌ಎಲ್ ಡ್ರಾಫ್ಟ್‌ನಲ್ಲಿ ಅವನು ಗುಂಪಿನ ಕಿರಿಯರಲ್ಲೊಬ್ಬ. ಎನ್‌ಎಚ್‌ಎಲ್ ಡ್ರಾಫ್ಟ್ ಬರುವಾಗ ಹಿರಿಯರಲ್ಲೊಬ್ಬನಾಗಿರುತ್ತಾನೆ. ಅದಕ್ಕೆ ಮೊದಲು ಅವನ ಕೈಯಲ್ಲಿ ಪೂರ್ತಿ ಮೂರು ಋತುಗಳಿವೆ. ಜುಲೈನಲ್ಲಿ ಹುಟ್ಟಿದ ಅವನ ತಂಡದ ಗೆಳೆಯನಿಗೆ ಇರುವುದು ಎರಡೇ.

‘ಮೈಕಟ್ಟು ಸಾಲದು’ ಎಂಬ ಮಾತನ್ನೂ ಹೀಗೆಯೇ ನೋಡಿ. ಹದಿನೈದರ ಹುಡುಗರ ಮೂಳೆಯ ವಯಸ್ಸು ಒಬ್ಬರಿಂದೊಬ್ಬರಿಗೆ ಕೆಲವು ವರ್ಷಗಳಷ್ಟೇ ವ್ಯತ್ಯಾಸವಾಗಬಹುದು. ಒಬ್ಬನಿಗೆ ಮೀಸೆ ಬಂದಿರುತ್ತದೆ, ಪಕ್ಕದವನ ದನಿ ಇನ್ನೂ ಒಡೆದಿರುವುದಿಲ್ಲ. ಬೇಗ ಬೆಳೆದವನ ಬೆಳವಣಿಗೆ ಬೇಗ ನಿಲ್ಲುತ್ತದೆ. ತಡವಾಗಿ ಬೆಳೆಯುವವನಿಗೆ ಇನ್ನೊಂದು ತೊಂದರೆಯುಂಟು: ಎತ್ತರ ಏಕಾಏಕಿ ಏರುವ ಆರೆಂಟು ತಿಂಗಳು ಅವನ ಸ್ಕೇಟಿಂಗ್ ಎಡವಟ್ಟಾಗುತ್ತದೆ. ಕಾಲು ಉದ್ದವಾಗಿರುತ್ತದೆ, ಅದನ್ನು ಆಳುವ ಸೊಂಟದ ಬಲ ಇನ್ನೂ ಬಂದಿರುವುದಿಲ್ಲ. ಆ ಸಮಯದಲ್ಲಿ ‘ಇವನು ಕೆಟ್ಟ’ ಎಂದು ತೀರ್ಮಾನಿಸಿದ ಕೋಚ್‌ಗಳು ಮುಂದೆ ಕೈ ಕೈ ಹಿಸುಕಿಕೊಂಡದ್ದನ್ನು ನೋಡಿದ್ದೇನೆ.

ಹಾಗಾದರೆ ಆಟಗಾರರನ್ನು ಹುಡುಕಲು ತಂಡಗಳು ಕಳಿಸುವ ಸ್ಕೌಟ್‌ಗಳು ನೋಡುವುದಾದರೂ ಏನು? ಡಿಫೆನ್ಸ್ ಆಟಗಾರನ ವಿಷಯದಲ್ಲಿ ಒಂದು ಕ್ಷಣವನ್ನು ಹೇಳುತ್ತೇನೆ. ಎದುರಾಳಿ ಪಕ್ ಅನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನಿಮ್ಮ ಮಗನ ಹಿಂದಿನ ಮೂಲೆಗೆ ಹೊಡೆದಿದ್ದಾನೆ. ಇವನು ತಿರುಗಿ ಅದರತ್ತ ಓಡಬೇಕು, ಬೆನ್ನ ಹಿಂದೆ ಎದುರಾಳಿ ಬರುತ್ತಿದ್ದಾನೆ. ಪಕ್ ಮುಟ್ಟುವ ಮೊದಲು ಹುಡುಗ ಹೆಗಲ ಮೇಲಿಂದ ಎಷ್ಟು ಸಲ ಹಿಂದಿರುಗಿ ನೋಡಿದ? ಒಮ್ಮೆಯೂ ನೋಡದವನು ಪಕ್ ತಲುಪಿದ ಮೇಲೆ ಯೋಚಿಸಲು ಶುರು ಮಾಡುತ್ತಾನೆ, ಅಷ್ಟರಲ್ಲಿ ಅವನನ್ನು ಗಾಜಿಗೆ ಒತ್ತಿ ಹಿಡಿದಿರುತ್ತಾರೆ. ಎರಡು ಸಲ ನೋಡಿದವನಿಗೆ ಒತ್ತಡ ಯಾವ ಹೆಗಲ ಕಡೆಯಿಂದ ಬರುತ್ತಿದೆ, ಜೊತೆಗಾರ ಎಲ್ಲಿದ್ದಾನೆ ಎಂಬುದು ಮೊದಲೇ ಗೊತ್ತು. ಒಂದೇ ಸ್ಪರ್ಶದಲ್ಲಿ ಪಕ್ ಕಳುಹಿಸಿ ಜಾರಿಕೊಳ್ಳುತ್ತಾನೆ. ಈ ಎರಡು ನೋಟಕ್ಕೆ ಮೈಕಟ್ಟು ಬೇಕಿಲ್ಲ. ಇದು ತಲೆಗೆ ಬೀಳುವ ಪೆಟ್ಟನ್ನೂ ತಪ್ಪಿಸುತ್ತದೆ ಎಂಬುದನ್ನು ನಿಮಗೆ ಬೇರೆ ಹೇಳಬೇಕಿಲ್ಲ. ಇನ್ನೊಂದು, ತಪ್ಪು ಮಾಡಿ ಬೆಂಚಿಗೆ ಬಂದ ಹುಡುಗನ ನಡವಳಿಕೆ. ಸ್ಟಿಕ್ ಬಡಿಯುತ್ತಾನೋ, ನೀರು ಕುಡಿದು ಮುಂದಿನ ಶಿಫ್ಟ್‌ಗೆ, ಅಂದರೆ ಐಸ್ ಮೇಲಿನ ಮುಂದಿನ ಸರದಿಗೆ, ಐಸ್ ಕಡೆ ಕಣ್ಣಿಡುತ್ತಾನೋ? ಒಂದು ಶಿಫ್ಟ್ ಮುಕ್ಕಾಲು ನಿಮಿಷದ್ದು. ಬೆಂಚಿನ ಮೇಲೆ ಕಳೆಯುವ ಹೊತ್ತೇ ಹೆಚ್ಚು. ಸ್ಕೌಟ್‌ಗಳು ಅದನ್ನೂ ಬರೆದುಕೊಳ್ಳುತ್ತಾರೆ.

ತಡವಾಗಿ ಬಂದವರ ಉದಾಹರಣೆ ಬೇಕೆಂದರೆ ಇವೆ. ಟೊರಾಂಟೊದ ಮಾರ್ಕ್ ಜಿಯೊರ್ಡಾನೊ ನಿಮ್ಮ ಮಗನಂತೆ ಡಿಫೆನ್ಸ್ ಆಟಗಾರ, ಅಕ್ಟೋಬರ್‌ನಲ್ಲಿ ಹುಟ್ಟಿದವರು. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ನಡುವೆ ಒಂದು ಋತು ಮಾಸ್ಕೋಗೆ ಹೋಗಿ ಆಡಿ ಬಂದರು. 2019ರಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ, ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ಪಡೆದರು. ಐದಡಿ ಎಂಟಂಗುಲದ ಮಾರ್ಟಿನ್ ಸೇಂಟ್ ಲೂಯಿ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಆಡಿ, ಡ್ರಾಫ್ಟ್ ಆಗದೆ ಬಂದು, 2004ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದರು. ನಮ್ಮಂಥ ಮನೆಗಳಿಂದ ಬಂದವರು ಯಾರಿದ್ದಾರೆ ಎಂದು ಎಷ್ಟೋ ತಾಯಂದಿರು ನನ್ನನ್ನು ಮೆಲ್ಲಗೆ ಕೇಳುತ್ತಾರೆ. ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್‌ನಲ್ಲಿ ಆಡಿದ್ದರು. ಬ್ರಿಟಿಷ್ ಕೊಲಂಬಿಯಾದ ಸರ‍್ರಿಯ ಅರ್ಶದೀಪ್ ಬೈನ್ಸ್ ಡ್ರಾಫ್ಟ್ ಆಗಲಿಲ್ಲ; 2021-22ರಲ್ಲಿ ಪಶ್ಚಿಮದ ಜೂನಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿ ವ್ಯಾಂಕೂವರ್ ತಂಡದ ಒಪ್ಪಂದ ಪಡೆದರು, 2024ರ ಫೆಬ್ರುವರಿಯಲ್ಲಿ ಎನ್‌ಎಚ್‌ಎಲ್ ಐಸ್ ಮೇಲೆ ಇಳಿದರು.

ಆದರೆ ಈ ಹೆಸರುಗಳನ್ನು ನಿಮ್ಮ ಲೆಕ್ಕಾಚಾರಕ್ಕೆ ತಳಹದಿ ಮಾಡಿಕೊಳ್ಳಬೇಡಿ. ಶಿಬಿರ ಮಾರುವವರು ಇದೇ ಹೆಸರುಗಳನ್ನು ಹೇಳಿ ಹಣ ಕೇಳುತ್ತಾರೆ. ಒಂಟಾರಿಯೊದಲ್ಲಿ 1975ರಲ್ಲಿ ಹುಟ್ಟಿ ಹಾಕಿ ಆಡಿದ ಸುಮಾರು 30,000 ಹುಡುಗರ ಹಾದಿಯನ್ನು ಜಿಮ್ ಪಾರ್ಸೆಲ್ಸ್ ಎಂಬವರು ಎಣಿಸಿದ್ದರು. ಎನ್‌ಎಚ್‌ಎಲ್ ಡ್ರಾಫ್ಟ್ ಆದವರು 48. ಒಂದಾದರೂ ಎನ್‌ಎಚ್‌ಎಲ್ ಪಂದ್ಯ ಆಡಿದವರು 32. ಇಂದು ಆ ಲೀಗ್‌ನಲ್ಲಿ 32 ತಂಡಗಳಿವೆ, ಒಂದೊಂದರಲ್ಲಿ 23 ಜನ. ಅಂದರೆ ಇಡೀ ಜಗತ್ತಿಗೆ 736 ಕುರ್ಚಿ. ವರ್ಷಕ್ಕೆ 224 ಹುಡುಗರನ್ನು ಡ್ರಾಫ್ಟ್ ಮಾಡುತ್ತಾರೆ, ಕುರ್ಚಿ ಖಾಲಿಯಾಗುವುದು ಅಷ್ಟು ಬೇಗ ಅಲ್ಲ. ಆದ್ದರಿಂದ ನಾನು ಪೋಷಕರಿಗೆ ಕೇಳಿಕೊಳ್ಳುವುದು ಇಷ್ಟು: ಯಾವ ದಾರಿ ಹಿಡಿದರೂ, ಅದು ನಡುವೆ ನಿಂತುಹೋದರೆ ಹುಡುಗನ ಕೈಯಲ್ಲಿ ಏನು ಉಳಿದಿರುತ್ತದೆ ಎಂದು ಮೊದಲು ನೋಡಿ.

ಆ ಕಣ್ಣಿನಿಂದ ಮುಂದಿನ ಎರಡು ವರ್ಷಗಳನ್ನು ನೋಡೋಣ.

ನನ್ನ ಮೊದಲ ಆಯ್ಕೆ ಹದಿನೆಂಟರೊಳಗಿನವರ ಟ್ರಿಪಲ್ ಎ ತಂಡ, ಮನೆಯಿಂದಲೇ. ಕಾರಣ ಸರಳ. ಈ ವಯಸ್ಸಿನ ಡಿಫೆನ್ಸ್ ಆಟಗಾರ ಕಲಿಯುವುದು ಆಡಿ, ತಪ್ಪು ಮಾಡಿ, ಮತ್ತೆ ಆಡಿ. ಅಲ್ಲಿ ಮೊದಲ ನಾಲ್ವರು ಡಿಫೆನ್ಸ್ ಆಟಗಾರರಲ್ಲಿ ಒಬ್ಬನಾಗಿ, ಶಿಕ್ಷೆಯಿಂದ ಎದುರಾಳಿಗೆ ಆಟಗಾರ ಕಡಿಮೆಯಿರುವ ಪವರ್ ಪ್ಲೇಯಲ್ಲೂ ಇಳಿದು, ಪಂದ್ಯಕ್ಕೆ ಇಪ್ಪತ್ತು ನಿಮಿಷ ಆಡಬಹುದು. ಹೆಸರು ದೊಡ್ಡದಿರುವ ತಂಡದಲ್ಲಿ ಆರನೆಯವನಾಗಿ ಬೆಂಚಿನಲ್ಲಿ ಕೂರುವುದಕ್ಕಿಂತ ಇದು ಮೇಲು. ಅಪಾಯವೆಂದರೆ, ತಂಡ ದುರ್ಬಲವಾಗಿದ್ದರೆ ಆಟದ ವೇಗ ಸಾಲದೆ ಹುಡುಗ ಜಡವಾಗುತ್ತಾನೆ. ಹಾಗಾಗಿ ಸಹಿ ಮಾಡುವ ಮೊದಲು ಕೋಚ್‌ಗೆ ಎರಡೇ ಪ್ರಶ್ನೆ ಕೇಳಿ: ಇವನನ್ನು ಯಾವ ಪಾತ್ರದಲ್ಲಿ ಆಡಿಸುತ್ತೀರಿ, ವಾರಕ್ಕೆ ಎಷ್ಟು ಅಭ್ಯಾಸ? ಪಂದ್ಯಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿ ಅಭ್ಯಾಸದ ಪ್ರಶ್ನೆಗೆ ತಡವರಿಸುವವರಿಂದ ದೂರವಿರಿ.

ಜೂನಿಯರ್ ಎ ಎರಡನೆಯದು. ಅಲ್ಲಿ ಇಪ್ಪತ್ತು ವರ್ಷದವರೂ ಇರುತ್ತಾರೆ. ತಲೆನೋವು ಪೂರ್ತಿ ಹೋಗದ, ಇನ್ನೂ ಬೆಳೆಯುತ್ತಿರುವ ಹದಿನಾರರ ಹುಡುಗನಿಗೆ ಈ ವರ್ಷವೇ ಅದು ಬೇಡ ಎನ್ನುತ್ತೇನೆ. ಹದಿನೇಳಕ್ಕೆ ಒಳ್ಳೆಯ ಮೆಟ್ಟಿಲು.

ಅಮೆರಿಕದ ಅಕಾಡೆಮಿಯ ವಿಷಯ. ಒಳ್ಳೆಯ ಅಕಾಡೆಮಿಗಳಿವೆ: ದಿನವೂ ಐಸ್, ಅಲ್ಲೇ ಶಾಲೆ, ಅಲ್ಲೇ ವಾಸ. ಆದರೆ ಖರ್ಚು ವಿಪರೀತ, ಹುಡುಗ ಮನೆಯಿಂದ ದೂರ, ಮತ್ತು ‘ಕಣ್ಣಿಗೆ ಬೀಳುವುದು’ ಎಂಬ ಸರಕು ನಿಮಗೆ ಈಗಾಗಲೇ ಪುಕ್ಕಟೆಯಾಗಿ ಸಿಗುತ್ತಿದೆ. ಗ್ರೇಟರ್ ಟೊರಾಂಟೊದ ರಿಂಕ್‌ಗಳಲ್ಲಿ ಸ್ಕೌಟ್‌ಗಳು ಕೂರದ ವಾರಾಂತ್ಯವಿಲ್ಲ. ಅಲ್ಲಿಲ್ಲದ ಯಾವುದನ್ನು ಅಕಾಡೆಮಿ ಕೊಡುತ್ತದೆ ಎಂದು ಕೇಳಿ. ಉತ್ತರ ‘ಸಂಪರ್ಕ’ ಎಂದಷ್ಟೇ ಆಗಿದ್ದರೆ ಹಣ ಜೇಬಿನಲ್ಲೇ ಇರಲಿ.

ಮುಂಗಡ ಕೇಳಿದ ಸಲಹೆಗಾರರಿಗೆ ಬೇಡ ಎಂದುಬಿಡಿ. ಇದರಲ್ಲಿ ಅಳೆದು ಸುರಿಯುವುದೇನಿಲ್ಲ. ಎನ್‌ಎಚ್‌ಎಲ್ ಆಟಗಾರರ ಸಂಘ ಮಾನ್ಯತೆ ಕೊಟ್ಟ ಏಜೆಂಟರು ಬದುಕುವುದು ಆಟಗಾರ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಬರುವ ಶೇಕಡಾವಾರು ಪಾಲಿನಿಂದ. ಹದಿನೈದರ ಹುಡುಗನಲ್ಲಿ ಅವರಿಗೆ ನಿಜವಾಗಿ ನಂಬಿಕೆಯಿದ್ದರೆ ಏಳೆಂಟು ವರ್ಷ ಕಾಯುತ್ತಾರೆ. ಕಾಯದೆ ಈಗಲೇ ಹಣ ಬೇಕು ಎನ್ನುವವರ ಆದಾಯ ನಿಮ್ಮ ಮಗನ ಭವಿಷ್ಯದಿಂದ ಬರುವುದಲ್ಲ, ನಿಮ್ಮ ಆತಂಕದಿಂದ ಬರುವುದು. ನೀವು ಈ ವರ್ಷ ಕಳೆದುಕೊಂಡದ್ದೇನೂ ಇಲ್ಲ, ಅವರಿಗೆ ಕೊಟ್ಟರೆ ಕಳೆದುಕೊಳ್ಳುತ್ತೀರಿ.

ಇನ್ನು ಕಾಲೇಜು ದಾರಿ. ಇಲ್ಲಿ ನಿಯಮವೇ ಬದಲಾಗಿದೆ. ಹಳೆಯ ಮಾಹಿತಿಯ ಮೇಲೆ ಸಲಹೆ ಕೊಡುವವರು ಬಹಳ. ಮೊದಲು ಒಎಚ್‌ಎಲ್‌ನಂಥ ಕೆನಡಾದ ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ವೃತ್ತಿಪರರೆಂದು ಪರಿಗಣಿಸಿ ಬಾಗಿಲು ಹಾಕುತ್ತಿತ್ತು. ಹದಿನಾರಕ್ಕೇ ಹುಡುಗ ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಶಾಶ್ವತವಾಗಿ ಬಿಡಬೇಕಿತ್ತು. 2024ರ ನವೆಂಬರ್‌ನಲ್ಲಿ ಆ ನಿಯಮ ತೆಗೆದರು. 2025ರ ಆಗಸ್ಟ್ 1ರಿಂದ ಜೂನಿಯರ್ ಆಡಿದವರೂ ಕಾಲೇಜಿಗೆ ಆಡಬಹುದು. ಪಶ್ಚಿಮದ ಜೂನಿಯರ್ ಲೀಗ್‌ನ ಮೆಡಿಸಿನ್ ಹ್ಯಾಟ್ ತಂಡದಲ್ಲಿ ಆಡುತ್ತಿದ್ದ ಗ್ಯಾವಿನ್ ಮೆಕೆನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು ಈ ಬದಲಾವಣೆಯಿಂದ. ನಿಮ್ಮ ಮಗನಿಗೆ ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಈಗ ಆರಿಸುವ ದಾರಿ ಮುಂದಿನ ಬಾಗಿಲನ್ನು ಮುಚ್ಚುವುದಿಲ್ಲ ಎಂಬುದು ಲಾಭ. ಕಾಲೇಜು ತಂಡಗಳಿಗೆ ಈಗ ಇಪ್ಪತ್ತರ, ಪಳಗಿದ ಜೂನಿಯರ್ ಆಟಗಾರರು ಸಿಗುತ್ತಿದ್ದಾರೆ, ಹೊಸಬರಿಗೆ ಜಾಗ ಕಡಿಮೆಯಾಗಿದೆ ಎಂಬುದು ನಷ್ಟ.

ಕೆನಡಾದ ವಿಶ್ವವಿದ್ಯಾಲಯ ಹಾಕಿಯ ಬಗ್ಗೆ ನಮ್ಮವರಲ್ಲಿ ತಾತ್ಸಾರ ಹೆಚ್ಚು. ನನಗೆ ಅದು ನೋವಿನ ಸಂಗತಿ. ಒಎಚ್‌ಎಲ್‌ನಲ್ಲಿ ಆಡಿದ ಒಂದೊಂದು ಋತುವಿಗೂ ಒಂದು ವರ್ಷದ ವಿಶ್ವವಿದ್ಯಾಲಯ ಶುಲ್ಕ ಮತ್ತು ಪುಸ್ತಕದ ಖರ್ಚನ್ನು ಕೊಡುವ ಒಪ್ಪಂದವಿದೆ. ವೃತ್ತಿಪರ ಸಹಿಯ ನಂತರ ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಓದಿಯೇ ಮುಂದಡಿ ಇಡಬೇಕು. ಆ ಹಣದಲ್ಲಿ ಓದುತ್ತಾ ಆಡುವ ಇಪ್ಪತ್ತೆರಡು, ಇಪ್ಪತ್ಮೂರರ ಗಂಡಸರ ಆಟ ಅದು. ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ತಂಡ 2023-24ರಲ್ಲಿ 43 ಪಂದ್ಯ ಆಡಿ 43ನ್ನೂ ಗೆದ್ದಿತು.

ನನ್ನ ಬಳಿ ಬರುತ್ತಿದ್ದ ಇಬ್ಬರ ಕತೆ ಹೇಳುತ್ತೇನೆ, ಹೆಸರು ಬೇಡ. ಒಬ್ಬ ಒಎಚ್‌ಎಲ್‌ನ ಎರಡನೇ ಸುತ್ತಿನಲ್ಲೇ ಆಯ್ಕೆಯಾದ. ಹನ್ನೊಂದನೇ ವಯಸ್ಸಿನಿಂದ ಬೇಸಿಗೆಯಲ್ಲೂ ಐಸ್ ಬಿಟ್ಟು ಇಳಿದವನಲ್ಲ. ಹಾಕಿಯ ಸ್ಕೇಟಿಂಗ್‌ನಲ್ಲಿ ತೊಡೆ ಒಳಕ್ಕೂ ಹೊರಕ್ಕೂ ತಿರುಗುತ್ತಲೇ ಇರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಬಿಡುವಿಲ್ಲದೆ ಹಾಗಾದರೆ ತೊಡೆಮೂಳೆಯ ಕುತ್ತಿಗೆಯ ಬಳಿ ಗುಬ್ಬು ಬೆಳೆದು ಸೊಂಟದ ಕೀಲಿಗೆ ತಾಗಬಹುದು. ಅವನಿಗೆ ಹತ್ತೊಂಬತ್ತಕ್ಕೆ ಎರಡೂ ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಆಟ ನಿಂತಿತು. ಇನ್ನೊಬ್ಬನನ್ನು ಹದಿನೈದಕ್ಕೆ ಯಾರೂ ಕರೆಯಲಿಲ್ಲ. ಹದಿನೇಳಕ್ಕೆ ಜೂನಿಯರ್ ಎ, ಹದಿನೆಂಟಕ್ಕೆ ಶಿಬಿರದ ಮೂಲಕ ಒಎಚ್‌ಎಲ್, ಮೂರು ಋತು. ಅದರಿಂದ ಬಂದ ಮೂರು ವರ್ಷದ ಶುಲ್ಕದಲ್ಲಿ ವಿಶ್ವವಿದ್ಯಾಲಯ. ಆಮೇಲೆ ಜರ್ಮನಿಯ ಕೆಳಗಿನ ಲೀಗ್‌ನಲ್ಲಿ ಎರಡು ವರ್ಷ ಆಡಿದ. ಈಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾನೆ, ಸಂಜೆ ಕೋಚ್. ಅವನು ಎನ್‌ಎಚ್‌ಎಲ್ ನೋಡಲಿಲ್ಲ. ಅವನ ತಾಯಿ ಇಂದಿಗೂ ನನಗೆ ಫೋನ್ ಮಾಡುತ್ತಾರೆ, ದನಿಯಲ್ಲಿ ಯಾವ ಕೊರಗೂ ಇಲ್ಲ.

ವೃತ್ತಿಪರ ಹಾಕಿ ಎಂದರೆ ಕೋಟಿಗಳ ಆಟ ಎಂದುಕೊಂಡವರಿಗೂ ಒಂದು ಮಾತು. 2025-26ರ ಋತುವಿನಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ವೇತನ 7,75,000 ಅಮೆರಿಕನ್ ಡಾಲರ್, ನಿಜ. ಆದರೆ ಡ್ರಾಫ್ಟ್ ಆದವರಲ್ಲಿ ಹೆಚ್ಚಿನವರು ಮೊದಲು ಬಂದು ಸೇರುವುದು ಅದರ ಕೆಳಗಿನ ಎಎಚ್‌ಎಲ್‌ಗೆ. ಎರಡು ಹಂತದ ಒಪ್ಪಂದ ಎಂದರೆ, ಮೇಲೆ ಆಡಿದ ದಿನಕ್ಕೆ ಒಂದು ಸಂಬಳ, ಕೆಳಗಿಳಿಸಿದ ದಿನಕ್ಕೆ ಇನ್ನೊಂದು. ಎಎಚ್‌ಎಲ್ ತಂಡದ ಜೊತೆ ನೇರ ಒಪ್ಪಂದ ಮಾಡಿಕೊಂಡವನ ಕನಿಷ್ಠ ವೇತನ ಆ ಎನ್‌ಎಚ್‌ಎಲ್ ಕನಿಷ್ಠದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕೂ ಕೆಳಗೆ ಇಸಿಎಚ್‌ಎಲ್. ಅಲ್ಲಿ ಸಂಬಳ ವಾರದ ಲೆಕ್ಕ, ತಂಡವೇ ಮನೆ ಕೊಡುತ್ತದೆ, ಬೇಸಿಗೆಯಲ್ಲಿ ಬೇರೆ ಕೆಲಸ. ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿಯಲ್ಲಿ ಗೌರವದ ಬದುಕು ಕಟ್ಟಿಕೊಂಡ ಕೆನಡಾದವರು ಬಹಳ ಮಂದಿ. ಆದರೆ ಒಪ್ಪಂದ ಹೆಚ್ಚಾಗಿ ವರ್ಷದ್ದು, ಮೊಣಕಾಲು ಕೈಕೊಟ್ಟರೆ ಮುಂದಿನ ವರ್ಷದ ಊರು ಯಾವುದೆಂದು ತಿಳಿಯದು. ಆಡಬೇಕೆಂಬ ಹಂಬಲ ಇರುವವನಿಗೆ ಇದು ಸಾರ್ಥಕ ಬದುಕು. ಅಪ್ಪ ಅಮ್ಮ ಹಾಕಿದ ಖರ್ಚನ್ನು ತೀರಿಸಲೆಂದು ಆಡುವವನಿಗೆ ಅಲ್ಲ.

ನಿಮ್ಮ ಯಜಮಾನರು ಹೇಳುವ ಓದಿನ ಮಾತನ್ನು ತಳ್ಳಿಹಾಕಬೇಡಿ, ಆದರೆ ಆಟಕ್ಕೂ ಓದಿಗೂ ಜಗಳ ಹಚ್ಚಲೂ ಬೇಡಿ. ಎನ್‌ಸಿಎಎಯ ಮೊದಲ ದರ್ಜೆಯ ತಂಡದಲ್ಲಿ ಆಡಲು ಹದಿನಾರು ಮುಖ್ಯ ವಿಷಯಗಳು, ಅವುಗಳಲ್ಲಿ ಕನಿಷ್ಠ 2.3 ಸರಾಸರಿ ಬೇಕು. ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರು. ಹನ್ನೆರಡಕ್ಕೆ ಬಂದ ಮೇಲೆ ಗಣಿತ ಬಿಟ್ಟದ್ದು ನೆನಪಾಗಿ ಅಳುವ ಹುಡುಗರನ್ನು ನೋಡಿದ್ದೇನೆ, ಅವರಲ್ಲಿ ಬಹಳ ಒಳ್ಳೆಯ ಆಟಗಾರರೂ ಇದ್ದರು. ಈ ವಾರವೇ ಗಂಡ ಹೆಂಡತಿ ಇಬ್ಬರೂ ಶಾಲೆಯ ಮಾರ್ಗದರ್ಶಕರ ಬಳಿ ಹೋಗಿ ಹತ್ತು, ಹನ್ನೊಂದು, ಹನ್ನೆರಡರ ವಿಷಯಗಳ ಪಟ್ಟಿ ಬರೆಸಿಕೊಂಡು ಬನ್ನಿ. ವಿಶ್ವವಿದ್ಯಾಲಯಕ್ಕೆ ಹೋಗುವ ಮಟ್ಟದ ವಿಷಯಗಳನ್ನೇ ತೆಗೆದುಕೊಳ್ಳಲಿ. ಅದು ಹಾಕಿಗೂ ಬೇಕು, ಹಾಕಿ ಇಲ್ಲದಿದ್ದರೂ ಬೇಕು. ಹಾಗೆ ಹೇಳಿದರೆ ಅಪ್ಪನೂ ಮಗನೂ ಒಂದೇ ಕಡೆ ನಿಂತಂತಾಗುತ್ತದೆ.

ಮಗಳನ್ನು ಬಿಡಿಸಬೇಡಿ. ಮಹಿಳೆಯರ ವೃತ್ತಿಪರ ಲೀಗ್ 2024ರ ಜನವರಿ 1ರಂದು ಟೊರಾಂಟೊದಲ್ಲೇ ಮೊದಲ ಪಂದ್ಯ ಆಡಿತು. ಆರು ತಂಡಗಳಿದ್ದದ್ದು 2025-26ರ ಋತುವಿಗೆ ವ್ಯಾಂಕೂವರ್, ಸಿಯಾಟಲ್ ಸೇರಿ ಎಂಟಾಯಿತು. ಅಣ್ಣನಿಗೆ ಬೇಸರವಾಯಿತೆಂದು ತಂಗಿಯ ಸ್ಕೇಟ್ ಕಸಿದರೆ ಇಬ್ಬರಿಗೂ ಅನ್ಯಾಯ. ಹನ್ನೊಂದಕ್ಕೆ ಅವಳಿಗೆ ಬೇಕಾದದ್ದು ಗೆಳತಿಯರು, ಒಳ್ಳೆಯ ಸ್ಕೇಟಿಂಗ್ ಕೋಚ್, ಬೇಸಿಗೆಯಲ್ಲಿ ಬೇರೊಂದು ಆಟ. ಅಷ್ಟೇ.

ಕೊನೆಗೆ, ಬಾಗಿಲ ಹಿಂದಿನ ಬ್ಯಾಗ್. ಎರಡು ವಾರ ಹೆಚ್ಚೇನಲ್ಲ. ಹತ್ತು ವರ್ಷ ಹಚ್ಚಿಕೊಂಡದ್ದು ಎಲ್ಲರೆದುರು ಕೈತಪ್ಪಿದಾಗ ಹುಡುಗನಿಗೆ ದುಃಖಪಡಲು ಹೊತ್ತು ಬೇಕು. ‘ಪರವಾಗಿಲ್ಲ ಬಿಡು’ ಎನ್ನಬೇಡಿ, ಅವನಿಗೆ ಪರವಾಗಿದೆ. ಜಿಯೊರ್ಡಾನೊ ಕತೆಯನ್ನೂ ಈಗಲೇ ಹೇಳಬೇಡಿ. ಆದರೆ ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನೂ ದೂರ ಮಾಡಿದರೆ, ತಲೆಯ ಪೆಟ್ಟಿನ ನಂತರ ಮನಸ್ಸು ಕುಗ್ಗುವುದೂ ಉಂಟು ಎಂಬುದನ್ನು ನೆನಪಿಟ್ಟು ಅದನ್ನೂ ವೈದ್ಯರಿಗೆ ತಿಳಿಸಿ. ಈ ಬೇಸಿಗೆ ಅವನು ಈಜಲಿ, ಫುಟ್‌ಬಾಲ್ ಆಡಲಿ, ಏನೂ ಆಡದೆ ಸೈಕಲ್ ತುಳಿಯಲಿ, ವೈದ್ಯರು ಒಪ್ಪಿದ್ದನ್ನು. ಸೊಂಟಕ್ಕೂ ತಲೆಗೂ ಬಿಡುವು ಸಿಕ್ಕಂತಾಗುತ್ತದೆ. ಆಗಸ್ಟ್‌ನಲ್ಲಿ ಒಮ್ಮೆ ಮಾತ್ರ ಕೇಳಿ, ‘ಈ ವರ್ಷ ಆಡುತ್ತೀಯಾ?’ ಎಂದು. ಬೇಡ ಎಂದರೆ ಆ ಉತ್ತರವನ್ನು ಒಪ್ಪಿಕೊಳ್ಳಿ. ಅಲ್ಲಿಯವರೆಗೆ ನೀವು ಮಾಡಬೇಕಾದ ಕೆಲಸ ಒಂದಿದೆ. ಇವತ್ತು ಆ ಬ್ಯಾಗ್ ತೆರೆದು ಸ್ಕೇಟ್ ಹೊರಗೆ ತೆಗೆಯಿರಿ. ಕೊನೆಯ ಪಂದ್ಯದ ತೇವ ಇನ್ನೂ ಒಳಗಿದ್ದರೆ ಅಲಗಿಗೆ ತುಕ್ಕು ಹಿಡಿಯುತ್ತಿರುತ್ತದೆ. ಒಣ ಬಟ್ಟೆಯಿಂದ ಅಲಗು ಒರೆಸಿ, ಒಳಪಾದ ಬಿಚ್ಚಿ ಗಾಳಿಗಿಡಿ, ಪ್ಲಾಸ್ಟಿಕ್ ಕವಚ ಹಾಕಿಡಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅವನಿಗೆ ಏನೂ ಹೇಳಬೇಡಿ. ಮತ್ತೆ ಆಡುತ್ತೇನೆ ಎಂದರೆ ಮೊದಲು ಪಾದದ ಅಳತೆ ತೆಗೆಸಿ. ಈ ವಯಸ್ಸಿನಲ್ಲಿ ಒಂದು ಬೇಸಿಗೆಯಲ್ಲೇ ಹಳೆಯ ಸ್ಕೇಟ್ ಚಿಕ್ಕದಾಗಿರುವ ಸಾಧ್ಯತೆ ಹೆಚ್ಚು.